ನೀರಿನ ತಂಬಿಗೆ ಎಷ್ಟು ದೂರ?

ನಮ್ಮ ವಿಜಯಪುರ ಜಿಲ್ಲೆಯ ರೈಲುಹಾದಿಯಲ್ಲಿ ಪ್ರಯಾಣ ಮಾಡಿದವರಿಗೆ ಒಂದು ಸಂಗತಿ ತಿಳಿದಿರಬೇಕು. ‘ಇಂಡಿ ರೋಡ್’ ಎಂಬ ಫಲಕ ಕಂಡಿತೆಂದು ಗಂಟುಮೂಟೆಗಳೊಡನೆ ಇಳಿದವನಿಗೆ ಅಲ್ಲಿ ಇಂಡಿ ಕಾಣುವುದಿಲ್ಲ. ‘ಬಸವನ ಬಾಗೇವಾಡಿ ರೋಡ್’ ನಿಲ್ದಾಣದಲ್ಲಿ ಇಳಿದವನ ಗತಿಯೂ ಅದೇ. ‘ರೋಡ್’ ಎಂಬ ಆ ಬಾಲಂಗೋಚಿಯ ಅರ್ಥವಿಷ್ಟೇ: ಊರಿನ ದಾರಿ ಇಲ್ಲಿಂದ ಹೊರಡುತ್ತದೆ, ಊರು ಇನ್ನೂ ಮುಂದಿದೆ. ಫಲಕವನ್ನು ನಂಬಿ ಇಳಿಯಬಾರದೆಂಬ ಪಾಠವನ್ನು ಬಾಲ್ಯದಲ್ಲಿಯೇ ಕಲಿತಿದ್ದ ನಾನು, ಐವತ್ತು ದಾಟಿದ ಮೇಲೆ, ಅದೂ ಹೆತ್ತ ತಾಯಿಯ ವಿಷಯದಲ್ಲಿ, ಅದನ್ನು ಮರೆತುಬಿಟ್ಟೆ.

ಇಂಡಿಯ ನಮ್ಮ ಮನೆಯ ಬಚ್ಚಲಿನಲ್ಲಿ ಅವ್ವ ಕಾಲು ಜಾರಿ ಬಿದ್ದಳು. ಎಂಬತ್ತೊಂದರ ವಯಸ್ಸು. ತೊಡೆಯ ಎಲುಬು ಸೊಂಟದ ಕೀಲಿನ ಹತ್ತಿರ ಮುರಿಯಿತು. ವಿಜಯಪುರಕ್ಕೆ ಕರೆದೊಯ್ದೆವು, ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. “ನಮ್ಮ ಕೆಲಸ ಮುಗಿಯಿತು. ಇನ್ನು ಎರಡು ತಿಂಗಳ ಆರೈಕೆಯೇ ಮುಖ್ಯ,” ಎಂದರು ವೈದ್ಯರು. ಕತ್ತರಿಯ ಕೆಲಸಕ್ಕಿಂತ ಆರೈಕೆಯ ಕೆಲಸ ಕಠಿಣವೆಂಬುದು ಆಗ ನಮಗೆ ತಿಳಿದಿರಲಿಲ್ಲ.

ನಾವು ನಾಲ್ವರು ಮಕ್ಕಳು. ಅಣ್ಣ ಸಿಂದಗಿಯಲ್ಲಿ ಅಂಗಡಿಕಾರ. ವೈನಿಗೆ ಮೊಣಕಾಲು ಬೇನೆ. ತಂಗಿ ಮುದ್ದೇಬಿಹಾಳದಲ್ಲಿ ಶಿಕ್ಷಕಿ. ಮನೆಯಲ್ಲಿ ಹಾಸಿಗೆ ಹಿಡಿದ ಮಾವನವರಿದ್ದಾರೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಹಣಕ್ಕೆ ಅವನು ಎಂದೂ ಹಿಂದೆಗೆದವನಲ್ಲ. ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸದವಳು. ಒಬ್ಬೊಬ್ಬರ ಕಾರಣವೂ ನಿಜವಾದುದೇ. ಆದರೆ ನಾಲ್ಕು ನಿಜಗಳನ್ನು ಕೂಡಿಸಿದರೆ ಅವ್ವನಿಗೆ ಮಲಗಲು ಮನೆಯಿಲ್ಲವೆಂಬ ಲೆಕ್ಕ ಬಂದಿತು. ಆಗ ನರ್ಸಿಂಗ್ ಹೋಮಿನ ಮಾತು ಹುಟ್ಟಿತು.

ನಮ್ಮ ಕಡೆ ಈ ಹೆಸರಿಗೆ ಬೇರೊಂದು ಅರ್ಥವಿದೆ. ಪರದೇಶಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಅಶಕ್ತರಾದ ವೃದ್ಧರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡಿಕೊಳ್ಳುವ ಮನೆ. ನಮ್ಮಲ್ಲಿ ಅದು ಹೆರಿಗೆಗೂ ಅಪೆಂಡಿಕ್ಸಿಗೂ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ಮೂರು ದಿನದಲ್ಲಿ ಮನೆಗೆ ಮರಳುವ ರೋಗಿಗಾಗಿ ಕಟ್ಟಿದ ಜಾಗದಲ್ಲಿ ಎರಡು ತಿಂಗಳ ರೋಗಿಯನ್ನು ಇಡಬೇಕೆಂದರೆ, ಅಲ್ಲಿ ನೋಡಬೇಕಾದುದೇನು? ಆ ಪ್ರಶ್ನೆಯನ್ನೇ ನಾನು ಕೇಳಿಕೊಳ್ಳಲಿಲ್ಲ. ದೊಡ್ಡ ಊರೊಂದರಲ್ಲಿ ಒಂದು ಕಟ್ಟಡವನ್ನು ನೋಡಿ ಬಂದೆ. ಮುಖ ಕಾಣುವಷ್ಟು ಹೊಳೆಯುವ ನೆಲ, ಗೋಡೆಗೊಂದು ಟೀವಿ, ಮೂಲೆಗೊಂದು ಕ್ಯಾಮೆರಾ, ಇಸ್ತ್ರಿ ಮಾಡಿದ ಸಮವಸ್ತ್ರದ ಹುಡುಗಿಯರು. ತಮ್ಮನಿಗೆ ಫೋನ್ ಮಾಡಿ, “ಹೋಟೆಲಿನ ಹಾಗಿದೆ,” ಎಂದೆ. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೆ.

ಹನ್ನೆರಡನೆಯ ದಿನ ಬಸವನ ಬಾಗೇವಾಡಿಯಿಂದ ಅತ್ತಿ ಬಂದರು. ಬಾಗೇವಾಡಿ ಅವ್ವನ ತವರೂರು. ಅತ್ತಿ ನಮ್ಮ ಸೋದರಮಾವನ ಹೆಂಡತಿ. ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನರ್ಸಾಗಿ ದುಡಿದು ನಿವೃತ್ತರಾದವರು. ನಾನೂ ಆ ದಿನ ಹುಬ್ಬಳ್ಳಿಯಿಂದ ಬಂದಿದ್ದೆ. ಬಂದವರು ಟೀವಿಯನ್ನು ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಅವ್ವನ ತುಟಿ ನೋಡಿದರು, ಉಗುರು ನೋಡಿದರು. ಹಾಸಿಗೆಯಿಂದ ನೀರಿನ ತಂಬಿಗೆಗೆ ಎಷ್ಟು ದೂರವೆಂದು ಕೈ ಚಾಚಿ ಅಳೆದರು. ತಂಬಿಗೆ ಕಿಟಕಿಯ ಕಟ್ಟೆಯ ಮೇಲೆ ಅಂದವಾಗಿ ಕುಳಿತಿತ್ತು, ಆರು ಅಡಿ ದೂರ. ಏಳಲಾಗದ ಮುದುಕಿಗೆ ಆ ಆರು ಅಡಿ ಇಂಡಿಯಿಂದ ಸೊಲ್ಲಾಪುರದಷ್ಟು ದೂರ.

“ಹೆಂಗದೀರಿ ಅಕ್ಕಾ?” ಎಂದರು ಅತ್ತಿ.

“ಎಲ್ಲಾ ಬರೋಬರಿ ಐತಿ. ಭಾಳ ಚೊಲೊ ನೋಡ್ಕೋತಾರ,” ಎಂದಳು ಅವ್ವ. ಬಾಗಿಲಲ್ಲಿ ಸಮವಸ್ತ್ರದ ಹುಡುಗಿ ನಿಂತಿದ್ದಳು.

ಅತ್ತಿ ಬಾಗಿಲು ಮುಂದೆ ಮಾಡಿ, ಅವ್ವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಸೊಂಟದ ಕೆಳಗಿನ ಸೀರೆಯನ್ನು ಸರಿಸಿದರು. ಅಲ್ಲಿ ರೂಪಾಯಿ ಅಗಲದ ಜಾಗದಲ್ಲಿ ಚರ್ಮ ಸುಲಿದಿತ್ತು. ಎಡ ಹಿಮ್ಮಡಿ ಕಪ್ಪಗಾಗಿ ಬಿಸಿಯಾಗಿತ್ತು. ಹನ್ನೆರಡು ದಿನಗಳಲ್ಲಿ ಎರಡು ಸಲ ಬಂದು, ಅವ್ವನ ಪಕ್ಕದಲ್ಲಿ ಕುಳಿತು, ಸೇಬು ಹೆಚ್ಚಿ ಕೊಟ್ಟುಹೋದ ನಾನು ಆ ಸೀರೆಯನ್ನು ಒಮ್ಮೆಯೂ ಸರಿಸಿ ನೋಡಿರಲಿಲ್ಲ.

ಹುಡುಗಿ ಹೋದ ಮೇಲೆ ನಾನು ಅಳುತ್ತಲೇ ಕೇಳಿದೆ: “ಯವ್ವಾ, ಮೊದಲ ಯಾಕ ಹೇಳಲಿಲ್ಲ?”

“ನೀವೆಲ್ಲಾ ಹ್ವಾದ ಮ್ಯಾಲೆ ಇವರ ಕೈಯಾಗ ಇರಾಕಿ ನಾನಲ್ಲೇನ?” ಎಂದಳು ಅವ್ವ.

ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ನನ್ನ ಪ್ರಾರ್ಥನೆ. ಆರೈಕೆ ಹೇಗಿದೆಯೆಂದು ರೋಗಿಯನ್ನು ಸಿಬ್ಬಂದಿಯ ಎದುರಿನಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ, ಭಯ ಉತ್ತರ ಕೊಡುತ್ತದೆ. ಅವ್ವ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಳು. ಹೆಚ್ಚು ಕುಡಿದರೆ ಹೆಚ್ಚು ಸಲ ಆಯಾಳನ್ನು ಕರೆಯಬೇಕು. ಕರೆದರೆ ಮುಖ ಗಂಟಿಕ್ಕುತ್ತಾಳೆ. ಆದುದರಿಂದ ಬಾಯಾರಿಕೆಯೇ ಲೇಸೆಂದು ಅವಳ ಲೆಕ್ಕ. ವಯಸ್ಸಾದವರಿಗೆ ದಾಹದ ಅರಿವು ಮೊದಲೇ ಕಡಿಮೆ. ಅದರ ಮೇಲೆ ಈ ಸಂಕೋಚ ಸೇರಿದರೆ ಮೂತ್ರದ ಸೋಂಕು, ಮಂಪರು, ತಲೆಸುತ್ತು ಒಂದರ ಹಿಂದೊಂದು ಬರುತ್ತವೆ.

ಅಂದು ಸಂಜೆ ಅತ್ತಿ ನನಗೆ ಹೇಳಿದ ಪಾಠವನ್ನು ಇಲ್ಲಿ ಬರೆಯುತ್ತೇನೆ. ನೋಡಲು ಹೋಗುವವರು ಬೆಳಿಗ್ಗೆ ಹತ್ತಕ್ಕೆ, ಹೇಳಿ ಹೋಗಬಾರದು. ಊಟದ ಹೊತ್ತಿಗೆ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ, ಹೇಳದೆ ಹೋಗಬೇಕು. ಊಟದ ತಟ್ಟೆ ಬಂದುದನ್ನು ನೋಡಿದರೆ ಸಾಲದು. ಮರಳಿ ಹೋಗುವಾಗ ಅದರಲ್ಲಿ ಎಷ್ಟು ಉಳಿದಿದೆಯೆಂದು ನೋಡಬೇಕು. ಹಲ್ಲಿಲ್ಲದವರಿಗೆ ಖಡಕ್ ರೊಟ್ಟಿ ಕೊಟ್ಟು ‘ಊಟ ಕೊಟ್ಟೆವು’ ಎಂದು ಬರೆದುಕೊಳ್ಳುವವರಿದ್ದಾರೆ. ಹಾಲಿನಲ್ಲಿ ರೊಟ್ಟಿ ನೆನೆಸಿ, ನುಚ್ಚು ಮಾಡಿ, ಕೈಯಾರೆ ಉಣಿಸುವವರೂ ಇದ್ದಾರೆ. ಗಂಟೆ ಒತ್ತಿ ಗಡಿಯಾರ ನೋಡಬೇಕು. ರಾತ್ರಿ ಎಷ್ಟು ಹಾಸಿಗೆಗೆ ಎಷ್ಟು ಜನ ಎಚ್ಚರವಿರುತ್ತಾರೆಂದು ಯಜಮಾನರನ್ನಲ್ಲ, ಆಯಾಳನ್ನು ಕೇಳಬೇಕು. ಇಲ್ಲಿಗೆ ಬಂದು ಎಷ್ಟು ದಿನವಾಯಿತೆಂದೂ ಕೇಳಬೇಕು. ತಿಂಗಳಿಗೊಬ್ಬ ಆಯಾ ಬದಲಾಗುವ ಮನೆಯಲ್ಲಿ ರೋಗಿಯ ಮೈಯ ಗುರುತು ಯಾರಿಗೂ ಇರುವುದಿಲ್ಲ. ಹಗಲೆಲ್ಲ ಎಲ್ಲ ಮುದುಕರೂ ನಿದ್ದೆಯಲ್ಲಿದ್ದರೆ ಅದು ಶಾಂತಿಯಲ್ಲ. ಯಾವ ಗುಳಿಗೆ ಕೊಡುತ್ತಿದ್ದಾರೆಂದು ವಿಚಾರಿಸಬೇಕು.

ಹಾಸಿಗೆ ಹುಣ್ಣಿನ ವಿಷಯ ಅತ್ತಿ ಮತ್ತೂ ಬಿಡಿಸಿ ಹೇಳಿದರು. ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಬದಲಾಯಿಸಿದ ಹೊತ್ತನ್ನು ಬರೆದಿಡಬೇಕು. ಸೊಂಟದ ಹಿಂದೆ, ಹಿಮ್ಮಡಿ, ಮೊಣಕೈಗಳನ್ನು ದಿನವೂ ನೋಡಬೇಕು. ಒತ್ತಿದರೂ ಮಾಸದ ಕೆಂಪು ಮೊದಲ ಸೂಚನೆ. ನಮ್ಮಂಥ ಕಂದು ಮೈಯವರಲ್ಲಿ ಕೆಂಪು ಕಾಣದಿರಬಹುದು. ಬಿಸಿ, ಗಡಸು, ಕಪ್ಪು ಛಾಯೆ ಇವೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿಡಬೇಕು.

“ನಾವು ಕಲಿಯುವಾಗ ನೈಟಿಂಗೇಲಮ್ಮನ ಪುಸ್ತಕ ಓದಿಸ್ತಿದ್ರು,” ಎಂದರು ಅತ್ತಿ. ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಕುರಿತ ಆ ಪುಸ್ತಕವನ್ನು ಪ್ರಕಟಿಸಿದ್ದು 1859ರಲ್ಲಿ. ತಾನು ಇದ್ದಾಗ ನಡೆಯುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡುವುದೇ ಒಳ್ಳೆಯ ಆರೈಕೆಯ ಜೀವಾಳವೆಂಬುದು ಆಕೆ ಒತ್ತಿ ಹೇಳಿದ ತತ್ತ್ವ. ಬಸವಣ್ಣನವರ ಊರಿನ ಸೊಸೆಯಾದ ಅತ್ತಿಗೆ ಇದನ್ನು ಹೇಳಲು ಬೇರೆ ಶಬ್ದ ಬೇಕಿರಲಿಲ್ಲ. “ಕಾಯಕ ಅಂದ್ರ ಯಾರೂ ನೋಡದಾಗ ಮಾಡೂದು,” ಎಂದರು.

ಎರಡೇ ದಿನಗಳಲ್ಲಿ ಅವ್ವನನ್ನು ಸಿಂದಗಿಗೆ ಸಾಗಿಸಿದೆವು. ಅಣ್ಣನ ಮನೆಗೆ ಸಮೀಪದ ಒಂದು ಹಳೆಯ ಸಣ್ಣ ನರ್ಸಿಂಗ್ ಹೋಮ್. ಗೋಡೆಯ ಸುಣ್ಣ ಉದುರಿತ್ತು, ಟೀವಿ ಇರಲಿಲ್ಲ. ಆದರೆ ಪ್ರತಿ ಹಾಸಿಗೆಯ ಬಲಗಡೆ, ಕೈಗೆ ಎಟಕುವಂತೆ, ಮುಚ್ಚಳವಿದ್ದ ತಂಬಿಗೆಯೊಂದಿತ್ತು. ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಮಗ್ಗುಲು ಬದಲಾಯಿಸಿದ ಹೊತ್ತು, ಬದಲಾಯಿಸಿದವರ ಸಹಿ. ಅಲ್ಲಿನ ಆಯಾ ಅವ್ವನ ಮೈ ಒರೆಸುವ ಮೊದಲು, “ಯಮ್ಮಾ, ಈಗ ಒರಸ್ಲೇನ?” ಎಂದು ಕೇಳುತ್ತಿದ್ದಳು. ಕೇಳಿ ಮುಟ್ಟುವ ಕೈಗೂ ಕೇಳದೆ ಎಳೆಯುವ ಕೈಗೂ ಇರುವ ಅಂತರವನ್ನು ಅವ್ವನ ಮುಖದಲ್ಲಿ ಕಂಡೆ. ಹುಣ್ಣು ಮಾಯಲು ಐದು ವಾರ ಹಿಡಿಯಿತು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು; ಅದರಂತೆ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕೇಂದ್ರದ ಕಾನೂನು ಬಂದದ್ದೂ 2007ರಲ್ಲಿಯೇ. ಮಕ್ಕಳು ಕೈಬಿಟ್ಟರೆ ಹಿರಿಯರು ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಡಬಹುದು. ಹಿರಿಯರ ನೆರವಿಗೆ 14567 ಎಂಬ ದೂರವಾಣಿ ಸಂಖ್ಯೆಯೂ ಇದೆ. ಒಂದೇ ವರ್ಷದ ಎರಡು ಕಾನೂನುಗಳು: ಒಂದು ಆಸ್ಪತ್ರೆಯನ್ನು ವಿಚಾರಿಸುತ್ತದೆ, ಇನ್ನೊಂದು ಮಕ್ಕಳನ್ನು. ಮೊದಲನೆಯದನ್ನು ಓದುವಾಗ ನನಗೆ ಉತ್ಸಾಹವಿತ್ತು. ಎರಡನೆಯದನ್ನು ಓದುವಾಗ ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತೆ.

ಅವ್ವನನ್ನು ಮನೆಗೆ ಕರೆದೊಯ್ಯುವ ದಿನ ಸಿಂದಗಿಯ ಆ ನರ್ಸಿಂಗ್ ಹೋಮಿನಲ್ಲಿ ಸಹಿ ಮಾಡಲು ಒಂದು ವಹಿ ಕೊಟ್ಟರು. ನೋಡಲು ಬಂದವರ ಹೆಸರು ಬರೆಯುವ ವಹಿ. ಸುಮ್ಮನೆ ಪುಟ ತಿರುವಿದೆ. ನಲವತ್ತೇಳು ದಿನಗಳು. ಅಣ್ಣನ ಹೆಸರು ಹೆಚ್ಚುಕಡಿಮೆ ದಿನವೂ ಇತ್ತು. ಮುದ್ದೇಬಿಹಾಳದ ತಂಗಿಯದು ಆರು ಭಾನುವಾರ. ಎಪ್ಪತ್ತು ದಾಟಿದ ಅತ್ತಿ ಬಾಗೇವಾಡಿಯಿಂದ ಬಸ್ಸಿನಲ್ಲಿ ಒಂಬತ್ತು ಸಲ ಬಂದಿದ್ದರು. ನನ್ನ ಹೆಸರು ನಾಲ್ಕು ಸಲ. ಮೊದಲಿನ ಜಾಗದವರ ತಪ್ಪನ್ನು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅವರ ತಪ್ಪು ತಪ್ಪೇ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ನೋಡುವವರು ಪದೇ ಪದೇ ಬರುವ ಹಾಸಿಗೆಯನ್ನು ಎಂಥವರೂ ಮರೆಯುವುದಿಲ್ಲವೆಂಬುದೂ ಅಷ್ಟೇ ನಿಜ. ಹಾಗೆ ಬರುವವರಿಲ್ಲದ ಎಷ್ಟು ಹಾಸಿಗೆಗಳು ಆ ಹೊಳೆಯುವ ನೆಲದ ಮೇಲೆ ಇದ್ದುವೋ!

ಅವ್ವ ಈಗ ಇಂಡಿಯ ಮನೆಯಲ್ಲಿದ್ದಾಳೆ. ಹಗಲಿಗೊಬ್ಬ ಹೆಣ್ಣುಮಗಳನ್ನು ಇಟ್ಟಿದ್ದೇವೆ. ರಾತ್ರಿಗೆ ನಾವು ಸರದಿ ಹಾಕಿಕೊಂಡಿದ್ದೇವೆ. ಬೆಂಗಳೂರಿನ ತಮ್ಮನೂ ತಿಂಗಳಿಗೆ ನಾಲ್ಕು ರಾತ್ರಿ ಬರುತ್ತಾನೆ. ಬಚ್ಚಲಿನ ನೆಲವನ್ನು ಒರಟು ಮಾಡಿಸಿ, ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ನಾಲ್ಕು ಕಾಲಿನ ಊರುಗೋಲು ಹಿಡಿದು ಅವ್ವ ಅಂಗಳದ ನಿಂಬೆಗಿಡದವರೆಗೆ ನಡೆಯುತ್ತಾಳೆ. ನನ್ನ ಸರದಿಯ ಶನಿವಾರ ಹುಬ್ಬಳ್ಳಿಯಿಂದ ಹೋಗಿ ಚೀಲ ಕೆಳಗಿಟ್ಟೊಡನೆ ನಾನು ಮೊದಲು ನೋಡುವುದು ಅವ್ವನ ಹಾಸಿಗೆಯ ಬಲಗಡೆ. ಕಳೆದ ಸಲ ಅವ್ವ ಅದನ್ನು ಕಂಡು ನಕ್ಕಳು.

“ತಂಬಿಗಿ ಇಲ್ಲೇ ಐತಿ,” ಎಂದಳು. “ನೀ ಬಂದು ಕುಂಡ್ರು.”