ತಡಸದಿಂದ ತದಡಿಗೆ, ಒಂದು ರೀಲಿನ ಬೆನ್ನು ಹತ್ತಿ

ತಡಸ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಮುಂಡಗೋಡದ ಕಡೆ ಹೊರಳಿದರೆ ಸಾಕು, ಲೋಕವೇ ಬದಲಾಗುತ್ತದೆ. ಮೊದಲು ಗೋವಿನಜೋಳ, ಹತ್ತಿ, ಭತ್ತದ ಗದ್ದೆ. ನೋಡುನೋಡುತ್ತಲೇ ಸಾಗವಾನಿ ಕಾಡು. ಈ ನೆಲದ ಇನ್ನೊಂದು ಸಂಗತಿ ಚಿಕ್ಕಂದಿನಿಂದ ನನ್ನನ್ನು ಬೆರಗುಗೊಳಿಸಿದೆ. ಪಕ್ಕದ ಕಲಘಟಗಿ ಸೀಮೆಯಲ್ಲಿ ಬಿದ್ದ ಮಳೆ ಬೇಡ್ತಿ ಹೊಳೆ ಸೇರಿ ಪಡುವಣ ಕಡಲಿಗೆ ಹೋಗುತ್ತದೆ. ಇತ್ತ ಹಾನಗಲ್ಲ ಕಡೆಯದು ವರದೆಗೆ ಕೂಡಿ, ಗಳಗನಾಥದಲ್ಲಿ ತುಂಗಭದ್ರೆಯೊಳಗೆ ಬೆರೆತು, ಮೂಡಣ ಕಡಲಿನ ದಾರಿ ಹಿಡಿಯುತ್ತದೆ. ಒಂದೇ ಮೋಡದ ಮಳೆಗೆ ಎರಡು ಕಡಲು!

ನಾನು ಪಡುವಣದ ಹಾದಿ ಹಿಡಿದಿದ್ದೆ. ಚೀಲದಲ್ಲಿ ಹಳೆ ಟವೆಲ್ಲಿನಲ್ಲಿ ಸುತ್ತಿದ ಒಂದು ಫಿಶಿಂಗ್ ರೀಲು. ಹಿಡಿಕೆ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ನಮ್ಮ ಕಡೆ ಕೆರೆ ದಂಡೆಯಲ್ಲಿ ಬಿದಿರುಕೋಲಿಗೆ ತಂಗೂಸ ದಾರ ಕಟ್ಟಿ ಗಾಳ ಹಾಕುವವರೇ ಹೆಚ್ಚು. ಈಚೆಗೆ ಹುಡುಗರು ರಾಡು, ರೀಲು ಆನ್‌ಲೈನಿನಲ್ಲಿ ತರಿಸುತ್ತಿದ್ದಾರೆ. ಕೆಟ್ಟರೆ ಮಾತ್ರ ಅದು ಅಟ್ಟ ಸೇರುತ್ತದೆ, ಬಿಚ್ಚಿ ನೋಡುವವರಿಲ್ಲ. ಕುಮಟಾ ಹತ್ತಿರ ದೋಣಿ ಎಂಜಿನ್ ರಿಪೇರಿಯಲ್ಲೇ ಬಾಳು ಸವೆಸಿದ ಹಿರಿಯರೊಬ್ಬರು ರೀಲುಗಳನ್ನೂ ಬಿಚ್ಚಿ ಕಟ್ಟುತ್ತಾರೆಂದು ಕೇಳಿದ್ದೆ. ಅವರ ಕೈಯಲ್ಲಿ ಕಲಿಯಬೇಕೆಂದೇ ಹೊರಟವನು. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಗಾಳಿಯಲ್ಲಿ ಉಪ್ಪಿನ ವಾಸನೆ ಬಂದಂತಾಯಿತು. ಕಡಲು ಇನ್ನೂ ದೂರವಿತ್ತು. ಆಸೆಯೇ ಮೂಗಿಗೆ ಹತ್ತಿದ್ದಿರಬೇಕು.

ಹಿರಿಯರು ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ ರೀಲನ್ನು ಕಿವಿಯ ಹತ್ತಿರ ಹಿಡಿದರು. ಹಿಡಿಕೆಯನ್ನು ತೀರ ನಿಧಾನ ತಿರುಗಿಸಿದರು. "ಬೇರಿಂಗಿಗೆ ಉಪ್ಪು ಕೂತದೆ" ಅಂದರು, ಇನ್ನೂ ಒಂದು ಸ್ಕ್ರೂ ಸಹ ಬಿಚ್ಚಿರಲಿಲ್ಲ. ಆಮೇಲೆ ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು.

ಪಕ್ಕದ ಮುಚ್ಚಳ ತೆಗೆದಾಗ ಕಂಡ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಓರೆ ಹಲ್ಲಿನ ದೊಡ್ಡ ಗೇರು, ಅದಕ್ಕೆ ಕಚ್ಚಿಕೊಂಡ ಹಿತ್ತಾಳೆಯ ಪುಟ್ಟ ಪಿನಿಯನ್, ಪಕ್ಕದಲ್ಲಿ ಸ್ಪೂಲನ್ನು ಮೇಲೆ ಕೆಳಗೆ ಆಡಿಸುವ ಇನ್ನೊಂದು ಗಾಲಿ. ಹಿಡಿಕೆ ಒಂದು ಸುತ್ತು ಬಂದರೆ ದಾರ ಸುತ್ತುವ ರೋಟರು ಐದು ಸುತ್ತಿಗೂ ಹೆಚ್ಚು ಬರುತ್ತದೆ. ರೀಲಿನ ಮೈಮೇಲಿನ 5.2:1 ಎಂಬ ಅಂಕಿಯ ಅರ್ಥ ಅದೇ. ಅದೇ ಹೊತ್ತಿಗೆ ಸ್ಪೂಲು ಏರಿಳಿಯುತ್ತ ದಾರವನ್ನು ಒಂದೇ ಕಡೆ ಗುಡ್ಡೆ ಬೀಳದಂತೆ ಹರಡಿಸಿಕೊಳ್ಳುತ್ತದೆ. ಅಂಗೈಯಗಲದ ಜಾಗದಲ್ಲಿ ಇಷ್ಟೊಂದು ಬುದ್ಧಿ! ಹಳೆ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು, ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತ್ತು.

ಬಿಚ್ಚಿದ ಪ್ರತಿ ಭಾಗವನ್ನೂ ಎಡದಿಂದ ಬಲಕ್ಕೆ ಸಾಲಾಗಿ ಇಡಿಸಿದರು. ಕಟ್ಟುವಾಗ ಬಲದಿಂದ ಎಡಕ್ಕೆ ಬರಬೇಕು. ಗೇರಿನ ಹಿಂದೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ವಾಷರು ಅಂಟಿಕೊಂಡಿರುತ್ತದೆ. ಅದೊಂದು ತಪ್ಪಿದರೆ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ, ಎಷ್ಟು ಗ್ರೀಸು ಹಚ್ಚಿದರೂ ಕರಕರ ನಿಲ್ಲುವುದಿಲ್ಲ. ಬೇರಿಂಗು ಬರದೆ ಹಟ ಹಿಡಿದಾಗ ನಾನು ಬಲ ಹಾಕಹೊರಟೆ.

"ಜೋರು ಮಾಡ್ಬೇಡ ತಮ್ಮ. ಎಣ್ಣೆ ಬಿಟ್ಟು ಒಂದ್ ಗಳಿಗೆ ಸುಮ್ನಿರು, ತಾನೇ ಬತ್ತದೆ."

ಬಂತು. ಸೀಮೆಎಣ್ಣೆಯಲ್ಲಿ ಅದ್ದಿ, ಹಳೆ ಟೂತ್‌ಬ್ರಷ್ಷಿನಿಂದ ತಿಕ್ಕಿ, ಒರೆಸಿ ಒಣಗಿಸಿದೆವು. ಗೇರಿಗೆ ಗ್ರೀಸು, ಬೇರಿಂಗಿಗೆ ಒಂದು ಹನಿ ತೆಳು ಎಣ್ಣೆ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಕ್ಲಚ್ ಕೈಗೆತ್ತಿಕೊಂಡು ಕೇಳಿದೆ: "ಇದಕ್ಕೂ ಗ್ರೀಸ್ ಹಚ್ಚೂದೇನ್ರಿ ಕಾಕಾ?" ಅವರು ತಲೆ ಅಲ್ಲಾಡಿಸಿದರು. ಅದರೊಳಗಿನ ಸಣ್ಣ ಉರುಳೆಗಳು ಗ್ರೀಸಿಗೆ ಅಂಟಿಕೊಂಡರೆ ಕಚ್ಚುವುದನ್ನು ಬಿಡುತ್ತವೆ. ಮೀನು ಎಳೆದಾಗ ಹಿಡಿಕೆ ಹಿಂದಕ್ಕೆ ಗಿರ್ರನೆ ತಿರುಗಿ ಬೆರಳಿಗೆ ಬಡಿಯುತ್ತದೆ.

ಈ ಬಗೆಯ ರೀಲು ಹುಟ್ಟಿದ ಕಥೆ ಹತ್ತಿ ಸೀಮೆಯ ನನಗೆ ತೀರ ಹತ್ತಿರದ್ದು. ಇಂಗ್ಲೆಂಡಿನ ಬಟ್ಟೆ ಗಿರಣಿಯ ಧಣಿ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ಬಾಬಿನ್ ನಿಂತಲ್ಲೇ ನಿಂತು ತುದಿಯಿಂದ ನೂಲು ಕಳಚಿಕೊಡುವ ಬಗೆಯೇ ಅದಕ್ಕೆ ಮೂಲ. ನಮ್ಮ ಜಿಲ್ಲೆಯ ತುಮ್ಮಿನಕಟ್ಟಿಯ ನೇಕಾರರು ದಿನಾ ನೋಡುವ ಲಾಳಿಯೊಳಗಿನ ಕಂಡಿಕೆಯ ಕೆಲಸವೂ ಅದೇ ತತ್ತ್ವ. ಮಗ್ಗದ ಜಾಣ್ಮೆ ಕಡಲಿಗಿಳಿದಿದೆ!

ಗಾಳದ ಬೇಟೆಯ ಚರಿತ್ರೆಯಲ್ಲೂ ಕನ್ನಡ ನಾಡಿನ ಪಾಲು ದೊಡ್ಡದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಸೀರ್ ಹಿಡಿದರು. ಕಾವೇರಿ ಸೀಮೆಯ ಆ ಮಹಸೀರ್ ಇಂದು ಅಳಿವಿನ ಅಂಚಿಗೆ ಬಂದಿದೆ. ಅದನ್ನು ನೆನೆದಾಗ ಹೆಮ್ಮೆಗಿಂತ ಸಂಕಟವೇ ಹೆಚ್ಚು.

ಕೊನೆಗೆ ಡ್ರ್ಯಾಗ್. ಸ್ಪೂಲಿನೊಳಗೆ ಒಂದರ ಮೇಲೊಂದು ಕೂತ ಲೋಹದ, ಫೆಲ್ಟಿನ ಬಿಲ್ಲೆಗಳು. ಮೇಲಿನ ತಿರುಪು ಬಿಗಿದಂತೆ ಅವು ಒತ್ತಿಕೊಳ್ಳುತ್ತವೆ. ಮೀನು ಜೋರಾಗಿ ಎಳೆದರೆ ಬಿಲ್ಲೆಗಳು ಜಾರಿ ಸ್ಪೂಲು ದಾರ ಬಿಡುತ್ತದೆ, ಎಳೆತ ತಗ್ಗಿದರೆ ನಿಲ್ಲುತ್ತದೆ. ಇಷ್ಟು ದಿನ ರೀಲೆಂದರೆ ಎಳೆಯುವ ಯಂತ್ರವೆಂದುಕೊಂಡಿದ್ದೆ. ಅದರ ನಿಜವಾದ ಹೆಚ್ಚುಗಾರಿಕೆ ಬಿಟ್ಟುಕೊಡುವುದರಲ್ಲಿದೆ. ಹಿರಿಯರು ದಾರದ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ ಎಳೆಸಿದರು. ಆರು ಕಿಲೋ ತಾಳುವ ದಾರಕ್ಕೆ ಒಂದೂವರೆಯಿಂದ ಎರಡು ಕಿಲೋದೊಳಗೆ ಸ್ಪೂಲು ಜಾರತೊಡಗಬೇಕು. ಜಾರಿತು, ಒಂದಿಷ್ಟೂ ಜಗ್ಗಾಡದೆ.

ಸಂಜೆ ಅಘನಾಶಿನಿ ಊರಿನಿಂದ ದೋಣಿ ದಾಟಿ ತದಡಿಗೆ ಹೋದೆವು. ಅಣೆಕಟ್ಟಿನ ತಡೆಯಿಲ್ಲದೆ ಶಿರಸಿಯ ಕಾಡಿನಿಂದ ಕಡಲಿನವರೆಗೆ ಹರಿದು ಬರುವ ಹೊಳೆ ಅಘನಾಶಿನಿ. ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿದೆ. ಇಳಿತದ ಹೊತ್ತು. ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದರು. ದಾರ ಬೀಸಿದೆ, ಸುತ್ತಿದೆ. ರೀಲು ಸದ್ದಿಲ್ಲದೆ ತಿರುಗಿತು. ಮೀನು ಸಿಗಲಿಲ್ಲ, ನನಗದು ಬೇಕಾಗಿಯೂ ಇರಲಿಲ್ಲ.

ಮೋಟರ್ ವೈಂಡಿಂಗ್, ಹೊಲಿಗೆ ಯಂತ್ರ, ಗಡಿಯಾರ ರಿಪೇರಿ ಬಲ್ಲ ಕೈಗಳು ತಡಸ, ಶಿಗ್ಗಾಂವಿಯಲ್ಲಿ ಬೇಕಾದಷ್ಟಿವೆ. ರೀಲು ಅವರಿಗೆ ಕಷ್ಟದ ಕೆಲಸವಲ್ಲ. ಅಟ್ಟದ ಮೇಲೆ ಇಟ್ಟವರು ಕೆಳಗಿಳಿಸಿ, ಅಂಥವರ ಕೈಗೆ ಕೊಟ್ಟು ನೋಡಿ. ಕಡಲಿಗೆ ಒಯ್ದಿದ್ದರೆ ಮನೆಗೆ ಬಂದ ದಿನವೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರು ಮೆಲ್ಲಗೆ ಚಿಮುಕಿಸಿ ತೊಳೆದು ನೆರಳಿನಲ್ಲಿ ಒಣಗಿಸಿ. ಎತ್ತಿಡುವ ಮುಂಚೆ ಡ್ರ್ಯಾಗಿನ ತಿರುಪು ಪೂರ್ತಿ ಸಡಿಲು ಮಾಡುವುದನ್ನು ಮಾತ್ರ ಮರೆಯಬೇಡಿ.