ನೀರಿನ ದಡದಿಂದ ಬಂದ ಲಕ್ಷ್ಮಿ

"ಲಕ್ಷ್ಮಿ ಅಂದ್ರೆ ದುಡ್ಡು ಅಲ್ವಾ ಅಜ್ಜಿ?"

ಮೊಮ್ಮಗಳು ಹೀಗೆ ಕೇಳಿದ್ದು ತುಮಕೂರು ಬಸ್ ನಿಲ್ದಾಣದಲ್ಲಿ. ಅಂದು ಶುಕ್ರವಾರ. ಗೊರವನಹಳ್ಳಿಯ ಮಹಾಲಕ್ಷ್ಮಿಯನ್ನು ನೋಡಲು ಹೊರಟಿದ್ದೆವು. ಬಸ್ಸಿನಲ್ಲಿ ಎಲ್ಲರ ಮಡಿಲಲ್ಲೂ ಹೂವು, ಹಣ್ಣು, ತೆಂಗಿನಕಾಯಿ. "ಹೋಗಿ ನೋಡೋಣ ಬಾ" ಎಂದೆ.

ಮಕ್ಕಳೇ, ಗೊರವನಹಳ್ಳಿ ಇರುವುದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ; ತುಮಕೂರಿನಿಂದ ಸುಮಾರು 30 ಕಿಲೋಮೀಟರ್. ಅಲ್ಲಿ ಹೇಳುವ ಕಥೆ ಹೀಗಿದೆ. ಅಬ್ಬಯ್ಯ ಎಂಬ ರೈತ ದನಗಳಿಗೆ ನೀರು ಕುಡಿಸಲು ಹೋದಾಗ, "ನಿನ್ನ ಮನೆಗೆ ಬರಲೇ?" ಎಂದು ಹೆಣ್ಣಿನ ದನಿ ಕೇಳಿತು. ಹೆದರಿ ಮನೆಗೆ ಓಡಿದ. ಜಾಣೆ ತಾಯಿ ಹೇಳಿಕೊಟ್ಟಳು: ದೆವ್ವವಾದರೆ ಅಲ್ಲೇ ಇರಲಿ, ದೇವರಾದರೆ ಮನೆಗೆ ಬರಲಿ ಅನ್ನು! ಹಾಗೆಯೇ ಅಂದಾಗ ನೀರಿನ ದಡದಲ್ಲಿ ಸಿಕ್ಕಿದ್ದೇ ಈ ಲಕ್ಷ್ಮಿಯ ಶಿಲೆ. ಅಬ್ಬಯ್ಯನ ತಮ್ಮ ತೋಟದಪ್ಪ ಗುಡಿ ಕಟ್ಟಿಸಿದ.

ಮುಂದೆ ಗುಡಿ ಪಾಳು ಬಿತ್ತು. ದೀಪ ಹಚ್ಚುವವರೂ ಇಲ್ಲದಾಯಿತು. ಆಗ ಪೂಜೆಯನ್ನು ಮತ್ತೆ ಆರಂಭಿಸಿದವರು ಕಮಲಮ್ಮ ಎಂಬ ತಾಯಿ.  ಇಂದು ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾರ್ತಿಕದಲ್ಲಿ ಲಕ್ಷದೀಪೋತ್ಸವ. ಬಂದವರಿಗೆಲ್ಲ ಅನ್ನದಾಸೋಹ. ನಾವೂ ಸಾಲಿನಲ್ಲಿ ಕುಳಿತು ಉಂಡೆವು.

ಊಟವಾದ ಮೇಲೆ ಹತ್ತಿರದ ತೀತಾ ಜಲಾಶಯಕ್ಕೆ ಹೋದೆವು. ಗುಡ್ಡಗಳ ನಡುವೆ ಜಯಮಂಗಲಿ ನದಿಯ ನೀರು ನಿಂತಿತ್ತು. "ನೋಡು, ನಮ್ಮ ಕಡೆಯ ಲಕ್ಷ್ಮಿ ಇದು" ಎಂದೆ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಅಕ್ಕತಂಗಿಯರ ಹಾಗೆ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಆಂಧ್ರದ ಕಡೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಕಾವೇರಿಯ ಮಡಿಲು ಸೇರುತ್ತಾಳೆ. ಮಾರ್ಕೋನಹಳ್ಳಿಯಲ್ಲಿ ನೀರು ಮಟ್ಟ ಮೀರಿದರೆ, ಯಾರೂ ಬಾಗಿಲು ತೆರೆಯದಿದ್ದರೂ ಸೈಫನ್ ಮೂಲಕ ತಾನೇ ಹೊರಗೆ ಹರಿಯುತ್ತದೆ! ಇನ್ನು ತುಮಕೂರು ನಗರದವರು ಕುಡಿಯುವುದು ಕಾಲುವೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದ ಹೇಮಾವತಿಯ ನೀರು. ಇದು ಮಳೆ ಕಡಿಮೆಯ ಸೀಮೆ. ಕೆರೆ ತುಂಬಿದರೆ ಇಲ್ಲಿ ತೆಂಗು, ಅಡಿಕೆ, ಭತ್ತ.

ನನ್ನ ತವರು ಕುಣಿಗಲ್ ಕಡೆಯ ಪುಟ್ಟ ಹಳ್ಳಿ. ಕುಣಿಗಲ್‌ನ ದೊಡ್ಡ ಕೆರೆಯ ಮೇಲೆ ಜನಪದ ಹಾಡೇ ಇದೆ. ನಮ್ಮೂರ ಕೆರೆಗೆ ಹಾಡಿಲ್ಲ. ಆದರೂ ಅದು ಕೋಡಿ ಬಿದ್ದ ದಿನ ಅಮ್ಮ ಅರಿಶಿನ ಕುಂಕುಮ, ಬಾಗಿನ ಹಿಡಿದು ಗಂಗಮ್ಮನ ಪೂಜೆಗೆ ಏರಿಯ ಮೇಲೆ ಹೋಗುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಹಿಂದೆ. ಈಗ ಆ ಕೆರೆಯ ತುಂಬ ಜಾಲಿ ಮುಳ್ಳು. ನೀರು ಬರುವ ಹಳ್ಳವೂ ಮುಚ್ಚಿದೆ.

ಇದನ್ನೆಲ್ಲ ಕೇಳಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ಹಾಗಾದ್ರೆ ನಿಮ್ಮೂರ ಕೆರೆಗೆ ಕಮಲಮ್ಮ ಯಾರು ಅಜ್ಜಿ?"

ನನ್ನ ಬಳಿ ಉತ್ತರವಿರಲಿಲ್ಲ. ಬರುವ ರಜೆಗೆ ಇಬ್ಬರೂ ಅಲ್ಲಿಗೆ ಹೋಗುತ್ತೇವೆ. ಊರಿನವರನ್ನು ಸೇರಿಸಿ ಮೊದಲು ಆ ಹಳ್ಳದ ದಾರಿ ಬಿಡಿಸಬೇಕು.

ಮಕ್ಕಳೇ, ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಅಜ್ಜ ಅಜ್ಜಿಯನ್ನೂ ಕೇಳಿ: ನಿಮ್ಮೂರ ಕೆರೆಯ ಹೆಸರೇನು? ಅದರಲ್ಲಿ ಈಗ ನೀರಿದೆಯೇ?