ಸಂಗನಕಲ್ಲಿನ ಗುಡ್ಡ, ಅಜ್ಜಿಯ ಗೆರಸೆ

ಬೆಂಗಳೂರಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಬಳ್ಳಾರಿ. ಅಲ್ಲಿಂದ ಸಂಗನಕಲ್ಲು ತೀರಾ ಹತ್ತಿರ. ಬಿಸಿಲೇರುವ ಮುಂಚೆ ಗುಡ್ಡ ಹತ್ತಿ, ನೀರು ಮರೆಯಬೇಡಿ.

ಮೇಲೆ ಕೋಟೆ, ಗೋಪುರ ಹುಡುಕಬೇಡಿ. ಕಪ್ಪು ಕಲ್ಲಿನ ಚಕ್ಕೆಗಳು, ಬಂಡೆಯ ಮೇಲೆ ಉಜ್ಜಿ ಉಜ್ಜಿ ನುಣುಪಾದ ತೋಡುಗಳು, ಅಷ್ಟೇ. "ಇದು ಕೊಡಲಿ ಫ್ಯಾಕ್ಟರಿ ಲೇ" ಅಂದ ಬಳ್ಳಾರಿಯ ಗೆಳೆಯ. ಮೂರು ಸಾವಿರ ವರ್ಷಕ್ಕೂ ಹಿಂದೆ, ನವಶಿಲಾಯುಗದ ಜನ ಕಲ್ಲು ಒಡೆದು, ಉಜ್ಜಿ ಕೊಡಲಿ ಮಾಡುತ್ತಿದ್ದ ಜಾಗ. ತಟ್ಟಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ.

ತೋಡಿನೊಳಗೆ ಬೆರಳಾಡಿಸಿದಾಗ ಮಂಗಳೂರು ಕಡೆಯ ನಮ್ಮಜ್ಜಿ ನೆನಪಾದರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಜೀವನಪೂರ್ತಿ ಬೀಡಿ ಕಟ್ಟಿದವರು. ಕೂಲಿ ಮಾತು ಬಂದಾಗಲೆಲ್ಲ ಅವರ ಬಾಯಲ್ಲಿ ಒಂದೇ ಹೆಸರು: ಕಕ್ಕಿಲ್ಲಾಯರು.

ಬಿ.ವಿ. ಕಕ್ಕಿಲ್ಲಾಯರು ಹುಟ್ಟಿದ್ದು 1919ರಲ್ಲಿ, ಕಾಸರಗೋಡಿನ ಬೇವಿಂಜೆಯಲ್ಲಿ. ಮಂಗಳೂರಿಗೆ ಓದಲು ಬಂದವರು ಕಮ್ಯುನಿಸ್ಟ್ ಪಕ್ಷ ಸೇರಿ, ಬೀಡಿ, ಹೆಂಚು, ನೇಯ್ಗೆ ಕಾರ್ಮಿಕರ ಸಂಘ ಕಟ್ಟಿದರು, ಜೈಲಿಗೂ ಹೋದರು. 1952ರಲ್ಲಿ ಮದ್ರಾಸ್ ರಾಜ್ಯದಿಂದ ರಾಜ್ಯಸಭೆಗೆ ಹೋಗಿ, ಕನ್ನಡದ ಪ್ರದೇಶಗಳೆಲ್ಲ ಒಂದಾಗಲಿ ಎಂದು ವಾದಿಸಿದರು.

"ಆಗ ನಮ್ಮೂರೂ ಮದ್ರಾಸಿಗೇ ಸೇರಿತ್ತು" ಅಂದ ಗೆಳೆಯ. ಹೌದು, 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು. 1956ರಲ್ಲಿ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯ್ತು. ಒಂದು ಮಾಡಿ ಎಂದು ಕೇಳಿದವರ ಹುಟ್ಟೂರೇ ಹೊರಗುಳಿಯಿತು! ಆದರೂ ಅವರು ಸುಮ್ಮನೆ ಕೂರಲಿಲ್ಲ. 1972 ಮತ್ತು 1978ರಲ್ಲಿ ವಿಧಾನಸಭೆಗೆ ಗೆದ್ದು, ಗೇಣಿದಾರರ ಪರ ನಿಂತರು. 2012ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾನು? ಕಳೆದ ತಿಂಗಳು ನಮ್ಮ ಟೀಮಿನ ನಾಲ್ವರನ್ನು ಒಂದೇ ಮೇಲ್‌ನಲ್ಲಿ ಮನೆಗೆ ಕಳಿಸಿದರು. ನಾನು ತುಟಿ ಬಿಚ್ಚಲಿಲ್ಲ. ಇಎಂಐ ಇದೆಯಲ್ಲ! "ನಾವೇನು ಕಾರ್ಮಿಕರಾ?" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈ ತೋಡುಗಳನ್ನು ಕೊರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಅಜ್ಜಿಯ ಹೆಸರು ಸಂಘದ ಪುಸ್ತಕದಲ್ಲಿತ್ತು, ಅದು ಅವರಿಗೆ ದೊಡ್ಡ ಹೆಮ್ಮೆ.

ಗುಡ್ಡ ಇಳಿದು, ಮಿರ್ಚಿ ಮಂಡಕ್ಕಿ ತಿನ್ನುವಾಗ ಆ ನಾಲ್ವರಲ್ಲಿ ಒಬ್ಬನಿಗೆ ಫೋನ್ ಮಾಡಿದೆ. ತಿಂಗಳು ತಡವಾಗಿತ್ತು. ಆದರೂ ಅವನು ಎತ್ತಿದ.